ಎಂಬತ್ತನಾಲ್ಕು ಚೌಕಗಳು

ಆ ಮಳೆಗಾಲದ ಬಗ್ಗೆ ನಾನು ಹೇಳುವುದರಲ್ಲಿ ಎಷ್ಟು ನಡೆದದ್ದು, ಎಷ್ಟು ಆಮೇಲೆ ನನ್ನ ಅನುಕೂಲಕ್ಕೆ ಕೂಡಿಸಿಕೊಂಡದ್ದು ಎಂಬುದು ನನಗೇ ಸರಿಯಾಗಿ ಗೊತ್ತಿಲ್ಲ. ಓಣಿಯಲ್ಲಿ ನೀರು ಮೊಣಕಾಲಿನ ತನಕ ಬಂದಿತ್ತು ಎಂದು ನಾನು ಹೇಳುತ್ತೇನೆ. ಪಾದ ಮುಳುಗುವಷ್ಟು ಮಾತ್ರ ಎಂದು ಅಕ್ಕ ಹೇಳುತ್ತಾಳೆ. ಬ್ಲೇಡು ಕಂಡದ್ದು ಒಂದು ಭಾನುವಾರ ಎಂದು ನನ್ನ ನೆನಪು. ಭಾನುವಾರವಾಗಿದ್ದರೆ ಭಾವ ಮನೆಯಲ್ಲಿ ಇರಬೇಕಿತ್ತು, ನನ್ನ ನೆನಪಿನಲ್ಲಿ ಅವರಿಲ್ಲ. ನಾನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವನು. ಒಬ್ಬನೇ ಸಾಕ್ಷಿ, ಅದೂ ತನ್ನ ಪರವಾಗಿ ಹೇಳುವ ಸಾಕ್ಷಿ ಇದ್ದರೆ ನಂಬಬೇಡಿ ಎಂದು ಪ್ರತಿ ವರ್ಷ ಹುಡುಗರಿಗೆ ಹೇಳುತ್ತೇನೆ. ಇಲ್ಲಿ ಆ ಸಾಕ್ಷಿ ನಾನೇ.

ಈ ಜೂನ್‌ನಲ್ಲಿ ಕುರ್ಲಾ ಸ್ಟೇಷನ್ನಿನ ಬ್ರಿಜ್ ಇಳಿಯುವಾಗ ಮೀನು ಮಾರುವ ಹೆಂಗಸೊಬ್ಬಳು ಖಾಲಿ ಥರ್ಮಾಕೋಲ್ ಪೆಟ್ಟಿಗೆಗಳನ್ನು ಗೋಡೆಗೆ ಒರಗಿಸಿ ಇಟ್ಟಿದ್ದಳು. ಅವುಗಳ ಮೇಲೆ ಮಳೆ ಬೀಳುತ್ತಿತ್ತು. ನಾವು ಮೀನು ತಿನ್ನುವವರಲ್ಲ, ಆದರೂ ಆ ವಾಸನೆ ನನಗೆ ಅಕ್ಕನ ಮನೆಯ ವಾಸನೆ. ಮಗಳ ಇಂಜೆಕ್ಷನ್ ಸೀಸೆಗಳನ್ನು ಮಂಜುಗಡ್ಡೆಯಲ್ಲಿಟ್ಟು ತರಲು ಅಕ್ಕ ಅಂಥದೊಂದು ಪೆಟ್ಟಿಗೆಯನ್ನು ಓಣಿಯ ಮೀನಿನವಳಿಂದ ಇಸಿದುಕೊಂಡಿದ್ದಳು. ಎಷ್ಟು ಸಲ ಫಿನೈಲ್ ಹಾಕಿ ತಿಕ್ಕಿದರೂ ಮಳೆಗಾಲ ಬಂತೆಂದರೆ ಅದರೊಳಗಿನ ಮೀನು ಮತ್ತೆ ಎದ್ದು ಬರುತ್ತಿತ್ತು. ಬ್ರಿಜ್ ಮೇಲೆ ಆ ವಾಸನೆ ಬಂದಾಗ ನನಗೆ ಮೊದಲು ಆದದ್ದು ಹೆದರಿಕೆ. ನೆನಪು ಆಮೇಲೆ ಬಂತು.

ಪಲ್ಲವಿ ನನ್ನ ಅಕ್ಕ ಶಶಿಕಲಾಳ ಒಬ್ಬಳೇ ಮಗಳು. ರಕ್ತ ಹೆಪ್ಪುಗಟ್ಟಲು ಬೇಕಾದ ಒಂದು ಅಂಶ ಹುಟ್ಟಿನಿಂದಲೇ ಅವಳ ಮೈಯಲ್ಲಿಲ್ಲ. ಗಂಡುಮಕ್ಕಳಿಗೆ ಬರುವ ಹಿಮೋಫಿಲಿಯಾದ ಹೆಸರನ್ನು ಜನ ಕೇಳಿರುತ್ತಾರೆ; ಇದು ಅದರ ಹತ್ತಿರದ ಸಂಬಂಧಿ, ಹೆಣ್ಣಿಗೂ ಬರುತ್ತದೆ. ತಂದೆ ತಾಯಿ ಇಬ್ಬರ ಕಡೆಯಿಂದಲೂ ಬಂದರೆ ಬಹಳ ಕಠಿಣ. ಅಕ್ಕ ಮದುವೆಯಾದದ್ದು ನಮ್ಮ ಸೋದರಮಾವನ ಮಗನನ್ನು. ವಿಜಯಪುರದ ಕಡೆ ನಮ್ಮಲ್ಲಿ ಅದು ಹೊಸತೇನಲ್ಲ. ಭಾವ ಕುರ್ಲಾದ ಒಂದು ಲೇಥ್ ವರ್ಕ್‌ಶಾಪಿನಲ್ಲಿ ಕೆಲಸಕ್ಕೆ ಸೇರಿ, ಸ್ಟೇಷನ್ನಿಗೆ ಹತ್ತಿರದ ಚಾಳಿನಲ್ಲಿ ಒಂದು ಖೋಲಿ ಹಿಡಿದಿದ್ದರು. ನಾನಿರುವುದು ಘಾಟ್ಕೋಪರ್. ನಡುವೆ ಒಂದೇ ಸ್ಟೇಷನ್ನು.

ಆ ಖೋಲಿಯಲ್ಲಿ ಹರಿತವಾದದ್ದು ಏನೂ ಇರುತ್ತಿರಲಿಲ್ಲ. ಭಾವ ದಾಡಿಗೆ ಸಲೂನಿಗೆ ಹೋಗುತ್ತಿದ್ದರು. ಈಳಿಗೆ ಪಕ್ಕದ ಮನೆಯಲ್ಲಿತ್ತು. ಅಕ್ಕ ಅಲ್ಲೇ ಕೂತು ಕಾಯಿಪಲ್ಲೆ ಹೆಚ್ಚಿ ತರುತ್ತಿದ್ದಳು. ಪಲ್ಲವಿಯ ಕಂಪಾಸ್ ಬಾಕ್ಸಿನಲ್ಲಿ ಕೈವಾರ ಇರಲಿಲ್ಲ, ಜಾಮಿಟ್ರಿ ಇದ್ದ ದಿನ ಟೀಚರು ಬಳೆಯಿಟ್ಟು ವೃತ್ತ ಬರೆಯಲು ಬಿಡುತ್ತಿದ್ದರಂತೆ. ಇಷ್ಟೆಲ್ಲ ಮಾಡಿದರೂ ಹಾಲುಹಲ್ಲು ಬೀಳುವುದನ್ನು ಯಾರೂ ತಡೆಯಲಾಗಲಿಲ್ಲ. ಒಂದು ಹಲ್ಲು ಬಿದ್ದಾಗ ಎರಡು ದಿನ ರಕ್ತ ನಿಂತಿರಲಿಲ್ಲ.

ಆ ರಕ್ತ ನಿಲ್ಲಿಸಿದ್ದು ಸುನಂದಾಳ ಮಗನ ಔಷಧ. ಸುನಂದಾ ಎರಡು ಓಣಿ ಆಚೆಗಿದ್ದ ಮರಾಠಿ ಹೆಂಗಸು, ಬಿಲ್ಡಿಂಗುಗಳಲ್ಲಿ ಅಡುಗೆಗೆ ಹೋಗುತ್ತಿದ್ದಳು. ಅವಳ ಮಗ ಓಂಕಾರನಿಗೆ ಹಿಮೋಫಿಲಿಯಾ. ಇಬ್ಬರು ಮಕ್ಕಳಿಗೂ ಒಂದೇ ತರಹದ ಇಂಜೆಕ್ಷನ್ ಆಗುತ್ತಿತ್ತು. ಒಂದು ಸೀಸೆ ಒಂದು ಚಿಕ್ಕ ಮಗುವಿಗೆ ಹೆಚ್ಚು, ಒಮ್ಮೆ ಕಲಸಿದ ಮೇಲೆ ಇಡಲು ಬರುವುದಿಲ್ಲ. ಹಾಗಾಗಿ ಒಬ್ಬರ ಮಗುವಿಗೆ ರಕ್ತ ಬಂದರೆ ಇನ್ನೊಬ್ಬರೂ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋಗುತ್ತಿದ್ದರು, ಸಿಸ್ಟರ್ ಅರ್ಧ ಇವಳಿಗೆ ಅರ್ಧ ಅವನಿಗೆ ಕೊಡುತ್ತಿದ್ದರು. ವರ್ಷಗಟ್ಟಲೆ ಹೀಗೇ ನಡೆದಿತ್ತು. ಸೀಸೆಯೇ ಸಿಗದ ದಿನಗಳಲ್ಲಿ ದಾನಿಗಳ ರಕ್ತದಿಂದ ತೆಗೆದ ಹಳದಿ ಚೀಲಗಳನ್ನು ಏರಿಸುತ್ತಿದ್ದರು. ಅಂಥ ಚೀಲಗಳು ಪಲ್ಲವಿಗೆ ಎಷ್ಟು ಏರಿವೆಯೋ ಯಾರೂ ಲೆಕ್ಕ ಇಟ್ಟಿರಲಿಲ್ಲ.

ಅವಳಿಗೆ ಹನ್ನೆರಡು ತುಂಬಿದ ಬೇಸಿಗೆಯಲ್ಲಿ ಆಸ್ಪತ್ರೆಗೆ ಹೊಸ ಡಾಕ್ಟರಮ್ಮ ಬಂದು, ರಕ್ತ ಏರಿಸಿಕೊಂಡ ಎಲ್ಲ ಮಕ್ಕಳನ್ನೂ ಪರೀಕ್ಷೆ ಮಾಡಿಸಿದರು. ಪಲ್ಲವಿ, ಓಂಕಾರ ಇಬ್ಬರಲ್ಲೂ ಹೆಪಟೈಟಿಸ್ ಸಿ ವೈರಸ್ ಸಿಕ್ಕಿತು. ಯಾವ ಚೀಲದಿಂದ, ಯಾವ ವರ್ಷ ಎಂದು ಕೇಳಿದೆ. ಅದು ಈಗ ತಿಳಿಯುವ ಮಾತಲ್ಲ ಎಂದರು. ಲಿವರ್ ಎಷ್ಟು ಕೆಟ್ಟಿದೆ ಎಂದು ನೋಡಲು ಬೇರೆಯವರಿಗಾದರೆ ಸೂಜಿ ಹಾಕಿ ಚೂರು ತೆಗೆಯುತ್ತಿದ್ದರು. ಇವಳಿಗೆ ಸೂಜಿ ಹಾಕಿದರೆ ಒಳಗೇ ರಕ್ತ ಸೋರಿ ಹೋಗಬಹುದು. ಪಕ್ಕೆಗೆ ಒತ್ತಿ ಹಿಡಿಯುವ ಒಂದು ಯಂತ್ರದಿಂದ ನೋಡಿದರು. ಹನ್ನೆರಡು ವರ್ಷದ ಮಗುವಿಗೆ ಇರಬಾರದಷ್ಟು ಲಿವರ್ ಗಟ್ಟಿಯಾಗಿದೆ ಎಂದರು. ಹೀಗೇ ಬಿಟ್ಟರೆ ಲಿವರ್ ಸೋಲುತ್ತದೆ, ಸೋತ ಲಿವರ್ ರಕ್ತವನ್ನು ಇನ್ನೂ ತೆಳ್ಳಗೆ ಮಾಡುತ್ತದೆ ಎಂದು ಹಿಂದಿಯಲ್ಲಿ ನಿಧಾನವಾಗಿ ವಿವರಿಸಿದರು. ಅಕ್ಕ ಎಲ್ಲವನ್ನೂ ಕೇಳಿ, ಹೊರಗೆ ಬಂದು, ಕಣ್ಣು ಹಳದಿ ಇಲ್ಲವಲ್ಲ, ಕಾಮಣಿ ಹೇಗಾದೀತು ಎಂದಳು.

ಒಳ್ಳೆಯ ಸುದ್ದಿಯೂ ಇತ್ತು. ಮೊದಲು ಇದಕ್ಕೆ ವರ್ಷವಿಡೀ ಜ್ವರ ತರಿಸುವ ಇಂಜೆಕ್ಷನ್ನು ಕೊಡುತ್ತಿದ್ದರಂತೆ. ಈಗ ಗುಳಿಗೆ. ದಿನಕ್ಕೆ ಒಂದು, ಹನ್ನೆರಡು ವಾರ. ಸರ್ಕಾರದಿಂದ ಪುಕ್ಕಟೆ ಸಿಗುತ್ತದೆ, ತಿಂಗಳಿಗೊಂದು ಡಬ್ಬಿ. ಪಲ್ಲವಿ ಮೂವತ್ತು ಕಿಲೋ ದಾಟಿದ್ದರಿಂದ ಪೂರ್ತಿ ಗುಳಿಗೆ. ಓಂಕಾರ ಚಿಕ್ಕವನು, ತೂಕ ಕಡಿಮೆ, ಅವನಿಗೆ ಅದರ ಅರ್ಧ ಶಕ್ತಿಯ ಸಣ್ಣ ಗುಳಿಗೆ. ಒಂದು ದಿನವೂ ತಪ್ಪಿಸಬಾರದು, ವೈರಸ್ಸಿಗೆ ಉಸಿರಾಡಲು ಜಾಗ ಕೊಡಬಾರದು ಎಂದು ಡಾಕ್ಟರಮ್ಮ ಎರಡು ಸಲ ಹೇಳಿದರು.

ನಾನು ನನಗೆ ಬರುವ ಕೆಲಸ ಮಾಡಿದೆ. ಒಂದು ದೊಡ್ಡ ಹಾಳೆಯಲ್ಲಿ ಎಂಬತ್ತನಾಲ್ಕು ಚೌಕಗಳ ಪಟ್ಟಿ ಹಾಕಿ ಅಕ್ಕನ ಮನೆಯ ಬಾಗಿಲ ಹಿಂದೆ ಅಂಟಿಸಿದೆ. ಗುಳಿಗೆ ನುಂಗಿದ ಕೂಡಲೇ ಪಲ್ಲವಿ ಸ್ಕೆಚ್ ಪೆನ್ನಿನಿಂದ ಒಂದು ಟಿಕ್ ಹಾಕಬೇಕು. ಅವಳು ಕನ್ನಡ, ಹಿಂದಿ, ಮರಾಠಿ ಮೂರನ್ನೂ ಒಂದೇ ಬಾಯಿಯಲ್ಲಿ ಆಡುವ ಹುಡುಗಿ. ಪಟ್ಟಿ ನೋಡಿ, ‘ಮಾಮಾ, ಘರ್ ಮೇ ಭೀ ಅಟೆಂಡನ್ಸ್?’ ಎಂದಳು, ಮನೆಯಲ್ಲೂ ಹಾಜರಿಯೇ ಎಂದು. ನೂರಕ್ಕೆ ನೂರು ಆದರೆ ಏನು ಕೊಡಿಸುತ್ತೀ ಎಂದು ಕೇಳಿದಳು. ಬಾಂದ್ರಾದ ಸಮುದ್ರದ ಹತ್ತಿರ ಕರೆದುಕೊಂಡು ಹೋಗಿ ಪಿಜ್ಜಾ ಕೊಡಿಸುತ್ತೇನೆ ಎಂದೆ.

ಶಾಲೆ ಶುರುವಾದ ವಾರವೇ ಮಳೆ ಹಿಡಿಯಿತು. ಚಾಳಿನ ಛಾವಣಿಗೆ ನೀಲಿ ಪ್ಲಾಸ್ಟಿಕ್ ತಾಡಪತ್ರಿ ಹೊದಿಸಿದರು. ಗೋಡೆ ಬೆವರಿತು. ಖೋಲಿಯಲ್ಲಿ ಆಗ ಒಂದು ಹಳದಿ ಬಲ್ಬು ಇತ್ತು. ಟ್ಯೂಬ್‌ಲೈಟ್ ಕೆಟ್ಟು ಹೋಗಿತ್ತು. ಪಲ್ಲವಿಯ ಕಣ್ಣಿನ ಕೆಳರೆಪ್ಪೆ ಎಳೆದು ನೋಡುವುದು ನನಗೆ ಚಟವಾಯಿತು. ಆ ಬಲ್ಬಿನ ಕೆಳಗೆ ಎಲ್ಲರ ಕಣ್ಣೂ ಹಳದಿಯಾಗಿಯೇ ಕಾಣುತ್ತಿತ್ತು. ಅವಳನ್ನು ಹೊರಗೆ ಮೋಡದ ಬೆಳಕಿಗೆ ಎಳೆದುಕೊಂಡು ಹೋಗಿ ನೋಡುತ್ತಿದ್ದೆ, ಒಳಗೆ ಬಂದ ಮೇಲೆ ಮತ್ತೆ ಸಂಶಯ ಬರುತ್ತಿತ್ತು. ಓಣಿಯ ಚರಂಡಿ ಮೇಲೆ ಬಂದು ಮೊದಲ ಮೆಟ್ಟಿಲು ಮುಟ್ಟಿದ ದಿನ ಅವಳ ಮೊಣಕಾಲು ಊದಿಕೊಂಡಿತು. ಬಿದ್ದಿರಲಿಲ್ಲ, ಏನೂ ತಾಗಿರಲಿಲ್ಲ. ಒಳಗೇ ರಕ್ತ ಕೂಡಿತ್ತು. ಭಾವ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ನೀರಿನಲ್ಲಿ ನಡೆದರು, ಹಿಂದಿನಿಂದ ಅಕ್ಕ ಥರ್ಮಾಕೋಲ್ ಪೆಟ್ಟಿಗೆಯನ್ನು ತಲೆ ಮೇಲೆ ಹೊತ್ತಿದ್ದಳು. ಅವತ್ತಿನ ನೀರು ಎಷ್ಟು ಆಳವಿತ್ತು ಎಂಬುದೇ ನಾನು ಮೊದಲು ಹೇಳಿದ ಜಗಳ.

ಮೊದಲ ತಿಂಗಳ ರಕ್ತಪರೀಕ್ಷೆಯಲ್ಲಿ ಪಲ್ಲವಿಯ ವೈರಸ್ ಬಹಳ ಇಳಿದಿತ್ತು. ಆಮೇಲೆ ನನ್ನ ಕಾಲೇಜಿನಲ್ಲಿ ಪರೀಕ್ಷೆಗಳು ಬಂದವು, ಲೋಕಲ್‌ಗಳು ಒಂದು ದಿನ ಓಡಿದರೆ ಒಂದು ದಿನ ನಿಂತವು. ಸುಮಾರು ನಾಲ್ಕು ವಾರ ನಾನು ಕುರ್ಲಾದ ಕಡೆ ಹೋಗಲಿಲ್ಲ. ಫೋನ್ ಮಾಡಿದಾಗಲೆಲ್ಲ ಅಕ್ಕ, ಗುಳಿಗೆ ನಡೆದಿದೆ ಎನ್ನುತ್ತಿದ್ದಳು. ಸುಳ್ಳೇನೂ ಅಲ್ಲ.

ಕೊನೆಗೆ ನಾನು ಹೋದ ದಿನ ಬೆಳಿಗ್ಗೆ ಬಾಗಿಲು ತೆರೆದೇ ಇತ್ತು. ಕಟ್ಟೆಯ ಮೇಲೆ ಒಂದು ಸಾಸರ್, ಅದರಲ್ಲಿ ಒಂದು ಅರ್ಧ ಗುಳಿಗೆ, ಅದರ ಸುತ್ತ ಬಿಳಿ ಹುಡಿ, ಪಕ್ಕದಲ್ಲಿ ದಾಡಿ ಬ್ಲೇಡು. ಗುಳಿಗೆಯನ್ನು ನಾನು ಆಮೇಲೆ ನೋಡಿದೆ. ಮೊದಲು ಕಂಡದ್ದು ಬ್ಲೇಡು. ಹನ್ನೆರಡು ವರ್ಷದಲ್ಲಿ ಆ ಮನೆಯಲ್ಲಿ ಬ್ಲೇಡು ನೋಡಿರಲಿಲ್ಲ. ಪಲ್ಲವಿ ಅದರಿಂದ ಎರಡು ಗೇಣು ದೂರದಲ್ಲಿ ಜಡೆ ಹಾಕಿಸಿಕೊಳ್ಳುತ್ತಾ ಕೂತಿದ್ದಳು.

ಅಕ್ಕ ಮುಚ್ಚಿಡಲಿಲ್ಲ. ಓಂಕಾರನ ಎರಡನೇ ತಿಂಗಳ ಸಣ್ಣ ಗುಳಿಗೆ ಬಂದಿಲ್ಲ, ಆಸ್ಪತ್ರೆಯ ಕೌಂಟರಿನಲ್ಲಿ ಬರುವ ಮಂಗಳವಾರ ಬಾ ಎಂದು ಪ್ರತಿ ಮಂಗಳವಾರವೂ ಹೇಳುತ್ತಿದ್ದಾರೆ ಎಂದಳು. ಅವನಿಗೆ ಬೇಕಾದದ್ದು ಇವಳ ಗುಳಿಗೆಯ ಅರ್ಧ, ಅದನ್ನು ಸ್ವತಃ ಡಾಕ್ಟರೇ ಹೇಳಿದ್ದಾರೆ. ದಿನಾ ಬೆಳಿಗ್ಗೆ ಸುನಂದಾ ಕೆಲಸಕ್ಕೆ ಹೋಗುವ ಮೊದಲು ಬಂದು ಅರ್ಧ ಒಯ್ಯುತ್ತಿದ್ದಳು. ಉಳಿದ ಅರ್ಧ ಪಲ್ಲವಿಗೆ.

‘ಇಕಿಗೆ ಪೂರ್ತಿ ಬೇಕು ಅಕ್ಕಾ. ಅರ್ಧಕ್ಕ ವೈರಸ್ ಸಾಯಂಗಿಲ್ಲ, ಔಷಧ ತಡ್ಕೊಳ್ಳೂದು ಕಲೀತದ’ ಎಂದೆ.

‘ಇಂಜೆಕ್ಷನ್ ಅರ್ಧ ಅರ್ಧ ಮಾಡಿ ಕೊಡೂವಾಗ ನೀ ಏನಂದಿದ್ದಿ? ಎಷ್ಟ್ ಛಲೋ ಪದ್ಧತಿ ಅಂದಿದ್ದಿ. ಆ ಹುಡುಗನ ಅರ್ಧದಾಗ ಇಕಿ ಹಲ್ಲಿನ ರಕ್ತ ನಿಂತದ. ಈಗ ಅವಂಗ ಇಲ್ಲ ಅಂತ ಯಾವ ಬಾಯೀಲೆ ಹೇಳ್ಲಿ?’

ನನ್ನ ಹತ್ತಿರ ಉತ್ತರವಿತ್ತು. ರಕ್ತ ನಿಲ್ಲಿಸುವ ಔಷಧ ಬೇರೆ, ವೈರಸ್ ಕೊಲ್ಲುವ ಔಷಧ ಬೇರೆ, ಒಂದರ ನ್ಯಾಯ ಇನ್ನೊಂದಕ್ಕೆ ಹತ್ತುವುದಿಲ್ಲ. ಅದನ್ನು ಎಂಟು ಹತ್ತು ರೀತಿಯಲ್ಲಿ ಹೇಳಿದೆ. ಅಕ್ಕ ಜಡೆಗೆ ರಿಬ್ಬನ್ ಕಟ್ಟುತ್ತಾ ಕೇಳಿದಳು. ಕೊನೆಗೆ ಅವಳು ಅಳುವುದಕ್ಕೆ ಶುರು ಮಾಡಿದ್ದು ನನ್ನ ವಾದಕ್ಕಲ್ಲ, ನಾನು ಡಾಕ್ಟರಿಗೆ ಹೇಳುತ್ತೇನೆ ಎಂದದ್ದಕ್ಕೆ. ಹೇಳಿದರೆ ಇಬ್ಬರ ಹೆಸರನ್ನೂ ಹೊಡೆದು ಹಾಕುತ್ತಾರೆ, ಸುನಂದಾ ಹಾಗೆ ಎಲ್ಲೋ ಕೇಳಿ ಬಂದಿದ್ದಾಳೆ, ಸರ್ಕಾರದ ಗುಳಿಗೆ ಹಂಚುವುದು ಗುನ್ನೆ ಎಂದಳು. ಹಾಗಾಗುವುದಿಲ್ಲ ಎಂದು ನನಗೆ ಗೊತ್ತಿತ್ತೇ? ಗೊತ್ತಿರಲಿಲ್ಲ. ವಿಚಾರಿಸಿದೆನೇ? ಇಲ್ಲ.

ಆ ದಿನದಿಂದ ಪಲ್ಲವಿಗೆ ಪೂರ್ತಿ ಗುಳಿಗೆ. ಮುಂದಿನ ಮಂಗಳವಾರ ಓಂಕಾರನ ಡಬ್ಬಿಯೂ ಬಂತು. ಆದರೆ ಬಾಗಿಲ ಹಿಂದಿನ ಪಟ್ಟಿ ಹಾಗೇ ಇತ್ತು. ಪಲ್ಲವಿ ಅರ್ಧ ಗುಳಿಗೆ ನುಂಗಿದ ದಿನಗಳಲ್ಲಿ ಅರ್ಧ ಟಿಕ್ ಹಾಕಿದ್ದಳು. ಕೆಳಗಿಳಿಯುವ ಸಣ್ಣ ಗೀಟು ಮಾತ್ರ, ಮೇಲೇಳುವ ಉದ್ದ ಗೀಟು ಇಲ್ಲ. ಸಾಲುಸಾಲಾಗಿ, ನೇರಳೆ ಬಣ್ಣದಲ್ಲಿ. ಯಾರೂ ಹೇಳಿಕೊಟ್ಟದ್ದಲ್ಲ.

ಔಷಧ ಮುಗಿದ ದಿನ, ಗುಳಿಗೆ ತಗೊಂಡ ದಿನಗಳ ಪಟ್ಟಿ ತನ್ನಿ ಎಂದು ಡಾಕ್ಟರಮ್ಮ ಹೇಳಿದ್ದರು. ನಮ್ಮ ಕಾಲೇಜಿನಲ್ಲಿ ಟರ್ಮ್ ಮುಗಿಯುವ ವಾರ ಹಾಜರಿ ಕಡಿಮೆ ಬಿದ್ದ ಹುಡುಗರ ಖಾಲಿ ಜಾಗಗಳನ್ನು ನಾವು ಲೆಕ್ಚರರುಗಳು ತುಂಬುತ್ತೇವೆ. ಹುಡುಗನ ವರ್ಷ ಹಾಳಾಗಬಾರದು ಎಂಬ ಒಳ್ಳೆಯ ಉದ್ದೇಶ. ಕೈಗೆ ಅಭ್ಯಾಸವಾಗಿದೆ. ಹೊಸ ಹಾಳೆ ತೆಗೆದು, ಎಂಬತ್ತನಾಲ್ಕು ಚೌಕ ಹಾಕಿ, ಎರಡು ಮೂರು ಪೆನ್ನು ಬದಲಿಸಿ, ಎಂಬತ್ತನಾಲ್ಕು ಟಿಕ್ ಹಾಕಿದೆ. ಹತ್ತು ನಿಮಿಷವೂ ಹಿಡಿಯಲಿಲ್ಲ. ಹಳೆಯ ಹಾಳೆ ಮಳೆಗೆ ಒದ್ದೆಯಾಯಿತು ಎಂದು ಪಲ್ಲವಿಗೆ ಹೇಳಿದೆ. ಅವಳು ಬಾಗಿಲ ಹಿಂದೆ ಉಳಿದಿದ್ದ ಅಂಟು ನೋಡಿದಳು. ‘ನಾ ಆಬ್ಸೆಂಟ್ ಇದ್ದೆ, ನೀ ಪ್ರೆಸೆಂಟ್ ಹಾಕಿದಿ’ ಎಂದಳು. ಅವಳು ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡು ನಾನು ನಕ್ಕೆ.

ವೈರಸ್ ಹೋಯಿತೋ ಇಲ್ಲವೋ ಎಂಬುದು ಔಷಧ ನಿಂತ ದಿನ ತಿಳಿಯುವುದಿಲ್ಲ. ನಿಂತ ಮೇಲೆ ಮತ್ತೆ ಹನ್ನೆರಡು ವಾರ ಕಾಯಬೇಕು. ಗಣಪತಿ ಬಂದು ಹೋದ, ಮಳೆ ಹಿಂದೆ ಸರಿಯಿತು, ತಾಡಪತ್ರಿಗಳು ಇಳಿದವು. ಅಕ್ಕ ಒಂದು ದಿನವೂ ಆ ಮಾತೆತ್ತಲಿಲ್ಲ. ನಾನೂ ಎತ್ತಲಿಲ್ಲ. ಚಳಿ ಶುರುವಾಗುವ ಹೊತ್ತಿಗೆ ರಿಪೋರ್ಟು ಬಂತು. ಓಂಕಾರನಲ್ಲಿ ವೈರಸ್ ಇರಲಿಲ್ಲ. ಪಲ್ಲವಿಯಲ್ಲಿ ಮರಳಿ ಬಂದಿತ್ತು.

ಅರ್ಧ ಗುಳಿಗೆಯಿಂದಲೇ ಹೀಗಾಯಿತು ಎಂದು ನಾನು ಸಾಬೀತು ಮಾಡಲಾರೆ. ಲಿವರ್ ಮೊದಲೇ ಗಟ್ಟಿಯಾಗಿತ್ತು. ಪೂರ್ತಿ ಔಷಧ ತಗೊಂಡವರಲ್ಲೂ ಕೆಲವರಿಗೆ ಮರಳಿ ಬರುತ್ತದೆ. ಒಂದು ಮಗು, ಒಂದು ಫಲಿತಾಂಶ. ಅದರಿಂದ ಕಾರಣ ತೆಗೆಯಬಾರದು ಎಂಬುದು ನನ್ನ ವಿಷಯದ ಮೊದಲ ಪಾಠ. ಆ ಪಾಠವನ್ನು ಆ ವಾರ ನನಗೆ ನಾನೇ ಬಹಳ ಸಲ ಹೇಳಿಕೊಂಡೆ.

ಡಾಕ್ಟರಮ್ಮನ ಕೋಣೆಯಲ್ಲಿ ನಾವು ಮೂವರು, ಅಕ್ಕ, ಪಲ್ಲವಿ, ನಾನು. ಅವರ ಮುಂದೆ ನಾನು ಕೊಟ್ಟ ಪಟ್ಟಿ ಇತ್ತು. ಅದರ ಮೇಲೆ ಬೆರಳಾಡಿಸುತ್ತಾ, ಒಂದು ದಿನವೂ ತಪ್ಪಿಲ್ಲ, ಆದರೂ ಔಷಧ ಸೋತಿದೆ ಎಂದರು. ಹಾಗಾದರೆ ವೈರಸ್ ಹಟಮಾರಿ, ಎರಡನೇ ಸಲ ಇನ್ನೊಂದು ಗುಳಿಗೆಯನ್ನು ಕೂಡಿಸಬೇಕಾಗುತ್ತದೆ. ಆ ಗುಳಿಗೆ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಮಗುವಿನ ರಕ್ತ ಕಡಿಮೆಯಾಗುತ್ತದೆ. ಪಲ್ಲವಿಯದು ಇವತ್ತಲ್ಲ ನಾಳೆ ದೊಡ್ಡವಳಾಗುವ ವಯಸ್ಸು. ಅದಾದಾಗ ರಕ್ತ ನಿಲ್ಲಿಸುವುದು ಹೇಗೆ ಎಂದು ಅವರು ಮೊದಲಿನಿಂದ ಹೆದರಿಕೊಂಡೇ ಇದ್ದರು. ಎರಡೂ ಒಟ್ಟಿಗೆ ಬಂದರೆ ಕಷ್ಟ, ಆದರೆ ಪಟ್ಟಿ ನೋಡಿದರೆ ಬೇರೆ ದಾರಿ ಕಾಣುವುದಿಲ್ಲ ಎಂದು ಪೆನ್ನು ತೆಗೆದರು.

ನನ್ನ ನೆನಪಿನ ಪ್ರಕಾರ ನಾನು ಆಗ ಮಾತಾಡಿದೆ. ಮೇಡಂ, ಬರೆಯಬೇಡಿ, ಆ ಪಟ್ಟಿ ನಾನು ಮಾಡಿದ್ದು ಎಂದೆ. ನನ್ನ ದನಿ ನಡುಗಿದ್ದು, ಪಂಖದ ಗಾಳಿಗೆ ಹಾಳೆ ಹಾರಾಡಿದ್ದು, ಅವರು ಕನ್ನಡಕ ತೆಗೆದು ನನ್ನನ್ನು ನೋಡಿದ್ದು, ಎಲ್ಲ ನೆನಪಿದೆ. ಇದನ್ನು ಎಷ್ಟೋ ಜನರಿಗೆ ಹೇಳಿದ್ದೇನೆ. ಒಮ್ಮೆ ಕ್ಲಾಸಿನಲ್ಲಿ, ಸುಳ್ಳು ಅಂಕಿಗಳ ಬಗ್ಗೆ ಪಾಠ ಮಾಡುವಾಗ, ಹೆಸರು ಬಿಟ್ಟು ಹೇಳಿದ್ದೇನೆ. ಹುಡುಗರು ಚಪ್ಪಾಳೆ ತಟ್ಟಿದ್ದರು.

ಅಕ್ಕನ ಪ್ರಕಾರ ನಾನು ತುಟಿ ಪಿಟಕ್ಕೆನ್ನಲಿಲ್ಲ. ಮಾತಾಡಿದ್ದು ಪಲ್ಲವಿ. ಮೇಜಿನ ಮೇಲಿದ್ದ ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡು, ‘ಯೇ ಮೇರಾ ವಾಲಾ ನಹೀ ಹೈ’ ಎಂದಳಂತೆ. ಇದು ನನ್ನದಲ್ಲ. ಆಮೇಲೆ ಅರ್ಧ ಗುಳಿಗೆಯ ದಿನಗಳನ್ನು ಹೇಳಿದಳಂತೆ. ನಾನು ಇದನ್ನು ಎಂದೂ ಒಪ್ಪಿರಲಿಲ್ಲ. ಅಕ್ಕನಿಗೆ ಆ ದಿನ ತಲೆ ನೆಟ್ಟಗಿರಲಿಲ್ಲ, ಮಗಳ ಮೇಲಿನ ಪ್ರೀತಿಗೆ ಹಾಗೆ ಹೇಳುತ್ತಾಳೆ ಎಂದುಕೊಂಡಿದ್ದೆ. ಪಲ್ಲವಿಯನ್ನು ಕೇಳಿದರೆ ಭುಜ ಹಾರಿಸಿ, ‘ಛೋಡ್ ನಾ ಮಾಮಾ’ ಎನ್ನುತ್ತಾಳೆ.

ಮುಂದಿನದರಲ್ಲಿ ಜಗಳವಿಲ್ಲ. ಡಾಕ್ಟರಮ್ಮ ರಕ್ತ ಒಡೆಯುವ ಗುಳಿಗೆಯನ್ನು ಬರೆಯಲಿಲ್ಲ. ಮೊದಲಿನದೇ ಗುಳಿಗೆ, ಈ ಸಲ ಇಪ್ಪತ್ತನಾಲ್ಕು ವಾರ. ಯಾರ ಹೆಸರನ್ನೂ ಹೊಡೆದು ಹಾಕಲಿಲ್ಲ. ಅಕ್ಕನನ್ನು ಬೈಯಲೂ ಇಲ್ಲ. ಓಂಕಾರನ ಗುಳಿಗೆ ಬರಲಿಲ್ಲ ಎಂದು ನನಗೆ ಹೇಳಬೇಕಿತ್ತು ತಾಯೀ ಎಂದಷ್ಟೇ ಅಂದರು. ಆ ಔಷಧದ ನಡುವೆಯೇ ಪಲ್ಲವಿ ದೊಡ್ಡವಳಾದಳು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದಳು. ಮೂರನೆಯ ದಿನ ಬೆಳಗಿನ ಜಾವ ಅವಳ ಉಗುರುಗಳು ಕಾಗದದಂತೆ ಬೆಳ್ಳಗಾಗಿದ್ದವು. ಇನ್ನೊಂದು ಗುಳಿಗೆಯೂ ಮೈಯಲ್ಲಿ ಇದ್ದಿದ್ದರೆ ಈ ಹುಡುಗಿಯನ್ನು ಉಳಿಸಿಕೊಳ್ಳುವುದು ನಮ್ಮ ಕೈಯಲ್ಲಿರಲಿಲ್ಲ ಎಂದು ಡಾಕ್ಟರಮ್ಮ ಭಾವನಿಗೆ ಹೇಳಿದರು. ಭಾವ ಹೊರಗೆ ಬಂದು ನನ್ನ ಎರಡೂ ಕೈ ಹಿಡಿದುಕೊಂಡು, ನೀನು ಆವತ್ತು ಹೇಳಿದ್ದಕ್ಕೆ ಉಳಿಯಿತು ಎಂದರು. ನಾನು ಬಿಡಿಸಿಕೊಳ್ಳಲಿಲ್ಲ.

ಎರಡನೇ ಸಲ ವೈರಸ್ ಮರಳಿ ಬರಲಿಲ್ಲ. ಲಿವರ್ ಇನ್ನೂ ಮೆತ್ತಗಾಗಿಲ್ಲ. ಆರು ತಿಂಗಳಿಗೊಮ್ಮೆ ಯಂತ್ರದ ಕೆಳಗೆ ಮಲಗಬೇಕು, ಪ್ರತಿ ಸಲವೂ ಅಕ್ಕ ಊಟ ಬಿಟ್ಟು ಕೂರುತ್ತಾಳೆ. ಈ ವರ್ಷ ಪಲ್ಲವಿ ಹತ್ತನೆಯದು ಮುಗಿಸಿದಳು. ಹನ್ನೊಂದಕ್ಕೆ ಸೇರಲು ಕಾಯಿಲೆಯ ಸರ್ಟಿಫಿಕೇಟು ಬೇಕಿತ್ತು. ಅದಕ್ಕೇ ನಾನು ಜೂನ್‌ನಲ್ಲಿ ಕುರ್ಲಾದಲ್ಲಿ ಇಳಿದದ್ದು. ಅವಳನ್ನು ಕರೆದುಕೊಂಡು ಆಸ್ಪತ್ರೆಗೆ ಹೋದೆ. ಆ ಡಾಕ್ಟರಮ್ಮ ಈಗ ಅಲ್ಲಿಲ್ಲ. ಹೊಸಬರು ಹಳೆಯ ಫೈಲ್ ತರಿಸಿ, ಸರ್ಟಿಫಿಕೇಟಿಗೆ ಸಹಿ ಆಗುವ ತನಕ ನೀವೇ ಝೆರಾಕ್ಸ್ ಮಾಡಿಸಿಕೊಂಡು ಬನ್ನಿ ಎಂದು ನನ್ನ ಕೈಗೆ ಕೊಟ್ಟರು.

ಝೆರಾಕ್ಸ್ ಸಾಲಿನಲ್ಲಿ ನಿಂತು ಹಾಳೆ ತಿರುವಿದೆ. ಪಲ್ಲವಿ ಪಕ್ಕದಲ್ಲಿ ಫೋನ್ ನೋಡುತ್ತಿದ್ದಳು. ಪಟ್ಟಿ ಮುಂದಿಟ್ಟುಕೊಂಡು ಮಾತಾಡಿದ ಆ ದಿನದ ಟಿಪ್ಪಣಿ ಡಾಕ್ಟರಮ್ಮನ ಕೈಬರಹದಲ್ಲಿ ನಾಲ್ಕು ಸಾಲು, ಇಂಗ್ಲಿಷಿನಲ್ಲಿತ್ತು. ಎರಡು ಸಲ ಓದಿದೆ. ಆಮೇಲೆ ಹೊಸ ಡಾಕ್ಟರ ಹತ್ತಿರ ಹೋಗಿ, ಅಕ್ಷರ ತಿಳಿಯುತ್ತಿಲ್ಲ ಎಂದು ಸುಳ್ಳು ಹೇಳಿ, ಅವರಿಂದಲೂ ಓದಿಸಿದೆ. ಅವರು ಓದಿದ್ದೂ ನಾನು ಓದಿದ್ದೂ ಒಂದೇ. ಪಟ್ಟಿ ತನ್ನದಲ್ಲ ಎಂದು ರೋಗಿಯೇ ತಿಳಿಸಿದ್ದಾಳೆ. ಇಪ್ಪತ್ತಾರು ದಿನ ಅರ್ಧ ಗುಳಿಗೆ ತಗೊಂಡಿರುವುದಾಗಿ ಹೇಳುತ್ತಾಳೆ. ತಾಯಿ ಒಪ್ಪುತ್ತಾರೆ. ಜೊತೆಗಿದ್ದ ಮಾವ ಅಲ್ಲಗಳೆಯುತ್ತಾರೆ.